ಅಳತೆ ಗೊತ್ತಿದ್ದವಳು

ಯುದ್ಧ ಶುರುವಾಗಿ ಎರಡು ವರ್ಷವಾಗಿತ್ತು. ಮನೆಗೊಬ್ಬರಂತೆ ಸೈನ್ಯದಿಂದ ಕರೆ ಬರುತ್ತಿತ್ತು. ದರ್ಜಿ ಅಕ್ಕನ ಹದಿನೆಂಟರ ಮಗನಿಗೂ ಪತ್ರ ಬಂತು. ಅವಳ ಎದೆ ಒಡೆಯಿತು. ಆದರೆ ಬೀದಿಯ ಹೆಂಗಸರು ಹೋಗಿ ಕೂತದ್ದು ಪಕ್ಕದ ಮನೆಯಲ್ಲಿ, ಆಸ್ಪತ್ರೆಯಲ್ಲಿ ಗಾಯಗೊಂಡ ಸೈನಿಕರ ಆರೈಕೆ ಮಾಡುವ ಅವಳ ಓರಗಿತ್ತಿ ನರ್ಸಮ್ಮನ ಹತ್ತಿರ.

ನರ್ಸಮ್ಮನಿಗೆ ಮಕ್ಕಳಿರಲಿಲ್ಲ. ಯುದ್ಧ ನಿಲ್ಲಿಸಿ ಎಂಬ ಅರ್ಜಿಗೆ ಪ್ರತಿ ಭಾನುವಾರ ಸಹಿ ಕೂಡಿಸುತ್ತಿದ್ದಳು. ಗೋಡೆಯಾಚೆ ಅವಳ ದನಿ ಕೇಳಿದಾಗಲೆಲ್ಲ ದರ್ಜಿ ಅಕ್ಕನ ಹೊಟ್ಟೆಯಲ್ಲಿ ಬೆಂಕಿ.

"ಹೆತ್ತವಳು ನಾನು, ಹೆಸರು ಅವಳಿಗೆ!" ಎಂದು ಗಂಡನೆದುರು ಸಿಡುಕಿದಳು. "ನನ್ನ ಮಗನೂ ಚಿಕ್ಕಮ್ಮ ಚಿಕ್ಕಮ್ಮ ಅಂತ ಅವಳನ್ನೇ ಸುತ್ತುತಾನೆ. ನಾಲ್ಕು ಹೆಂಗಸರು ಸಹಿ ಹಾಕಿದ್ರೆ ಫಿರಂಗಿ ಬಾಯಿ ಮುಚ್ಚುತ್ತಾ?"

"ಅದನ್ನ ಅವಳನ್ನೇ ಕೇಳು. ನನ್ನ ತಲೆ ಯಾಕೆ ತಿಂತೀಯ?" ಎಂದ ಗಂಡ.

ಭಾನುವಾರ ಹೋಗಿ, ಬಾಗಿಲಲ್ಲೇ ನಿಂತು, ಎಲ್ಲರೆದುರು ಅದೇ ಮಾತು ಕೇಳಿದಳು.

ನರ್ಸಮ್ಮ ಎದ್ದು ತನ್ನ ಕುರ್ಚಿ ಕೊಟ್ಟಳು. "ನಾಲ್ಕು ಜನಕ್ಕೆ ಮುಚ್ಚಲ್ಲ ಅಕ್ಕ. ಅದಕ್ಕೇ ನೀವು ಬೇಕು. ನಾನು ಗಾಯದ ಮಾತು ಹೇಳಿ ಹೇಳಿ ಸವೆದಿದೀನಿ. ಕಾರ್ಖಾನೆಯಲ್ಲಿ ಸೈನಿಕರ ಬಟ್ಟೆ ಹೊಲಿಯೋರು ನೀವು. ನಿಮಗೇನು ಕಾಣುತ್ತೆ, ಹೇಳಿ."

ಜಗಳಕ್ಕೆ ಬಂದವಳು ಆ ಕುರ್ಚಿಯಲ್ಲಿ ಕೂತಳು. ಆಮೇಲೆ ಮೆಲ್ಲಗೆ ಹೇಳಿದಳು: "ಮೊದಲ ವರ್ಷ ಸೊಂಟ ಮೂವತ್ತಾರು ಬರ್ತಿತ್ತು. ಈಗ ಇಪ್ಪತ್ತೆಂಟು. ಭುಜ ಇನ್ನೂ ತುಂಬದ ಮಕ್ಕಳ ಅಳತೆ. ಮೊನ್ನೆ ನಾನು ಕತ್ತರಿಸಿದ್ದು ನನ್ನ ಮಗನ ಅಳತೆನೇ."

ಅದುವರೆಗೆ ಸಹಿ ಹಾಕದಿದ್ದ ಬೇಕರಿಯವಳು ಪೆನ್ನು ಕೇಳಿದಳು. ಎಲ್ಲರೂ ತನ್ನನ್ನೇ ನೋಡುತ್ತಿದ್ದಾರೆ, ನರ್ಸಮ್ಮನನ್ನಲ್ಲ ಎಂಬುದನ್ನು ದರ್ಜಿ ಅಕ್ಕ ಆ ಸಂಕಟದಲ್ಲೂ ಗಮನಿಸಿದಳು.

ಅಂದೇ ಕೆಲಸ ಹಂಚಿಕೊಂಡರು. ಒಬ್ಬೊಬ್ಬರಿಗೆ ಐದು ಮನೆ. ಮೊದಲು ಅವರ ಕಷ್ಟ ಕೇಳುವುದು, ಆಮೇಲೆ ಅರ್ಜಿ ತೋರಿಸುವುದು. ಸಭೆ ವಾರಕ್ಕೊಂದು ಮನೆಯಲ್ಲಿ. ದರ್ಜಿ ಅಕ್ಕ ಕಾರ್ಖಾನೆಯಿಂದ ಅರವತ್ತು ಸಹಿ ತಂದಳು. ನರ್ಸಮ್ಮ ಆಸ್ಪತ್ರೆಯಿಂದ ತಂದದ್ದು ಐವತ್ತೊಂದೇ ಎಂದು ಬೀದಿಗೆಲ್ಲ ಹೇಳಿಕೊಂಡೂ ಬಂದಳು. ಗಂಡನೂ ಅರ್ಜಿ ಹಿಡಿದು ಅಂಗಡಿ ಸಾಲಿಗೆ ಹೊರಟ.

ಕೊನೆಗೆ ಮುನ್ನೂರು ತಾಯಂದಿರು ಸೈನ್ಯದ ಕಚೇರಿಯ ಮುಂದೆ ಕೂತರು. ಆ ಬೀದಿಯ ಹುಡುಗರು ಹೊರಡುವ ದಿನ ಮೂರು ತಿಂಗಳು ಮುಂದಕ್ಕೆ ಹೋಯಿತು. ಯುದ್ಧ ಇನ್ನೂ ನಿಂತಿಲ್ಲ. ಹೊಟ್ಟೆಕಿಚ್ಚೂ ಪೂರ್ತಿ ಆರಿಲ್ಲ. ಆದರೂ ಓರಗಿತ್ತಿಯರು ಒಂದೇ ಚಾಪೆಯ ಮೇಲೆ ಕೂರುತ್ತಾರೆ.

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಶಾಂತಿ ಕೇಳಲು ದೊಡ್ಡ ನಾಯಕರು ಬರಲಿ ಎಂದು ಕಾಯಬೇಡಿ. ಇವತ್ತೇ ಐದು ಮನೆಗೆ ಹೋಗಿ. ನಿಮಗೂ ಅವರಿಗೂ ಮಾತಿಲ್ಲದ ಮನೆ ಒಂದಿದ್ದರೆ, ಮೊದಲು ಅದೇ ಬಾಗಿಲು ತಟ್ಟಿ.