ಲೇಬಲ್ ಇಲ್ಲದ ಎರಡು ರೆಕಾರ್ಡು

ಅಮ್ಮ ತನ್ನ ಪ್ರತಿಯೊಂದು ರೆಕಾರ್ಡಿನ ನಡುವಿನ ಲೇಬಲ್ ಮೇಲೂ ನೀಲಿ ಶಾಯಿಯಲ್ಲಿ ‘ಒಡೆಸ್ಸಾ’ ಎಂದು ತನ್ನ ಹೆಸರು ಬರೆದಿಡುತ್ತಿದ್ದಳು. ನಮ್ಮ ಬ್ರಾಂಕ್ಸ್ ಬಡಾವಣೆಯಲ್ಲಿ ಎಲ್ಲರ ಅಮ್ಮಂದಿರೂ ಹಾಗೆಯೇ. ಹೆಸರಿಲ್ಲದ ರೆಕಾರ್ಡು ಇನ್ನೊಬ್ಬರ ಮನೆಯ ಪಾರ್ಟಿಗೆ ಹೋಯಿತೆಂದರೆ ಅದರ ಆಸೆ ಬಿಟ್ಟಂತೆಯೇ.

ಅವಳು ಆಸ್ಪತ್ರೆಯಲ್ಲಿ ಮಲಗಿದ್ದಾಗ ಅಣ್ಣ ಲವೆಲ್ ಆ ಲೇಬಲ್‌ಗಳನ್ನೆಲ್ಲ ಸ್ನಾನದ ತೊಟ್ಟಿಯಲ್ಲಿ ನೆನೆಹಾಕಿ ಕಿತ್ತು ತೆಗೆದ. ಅವನು ಡಿಜೆ. ಪಾರ್ಕಿನ ದೀಪದ ಕಂಬದಿಂದ ಕರೆಂಟು ಎಳೆದು, ಎರಡು ಪ್ಲೇಯರ್ ಜೋಡಿಸಿ, ಇಡೀ ಬೀದಿಯನ್ನು ಕುಣಿಸುವವನು. ಒಳ್ಳೆಯ ಡ್ರಮ್ ಯಾವ ಹಾಡಿನಲ್ಲಿದೆಯೆಂದು ಎದುರಾಳಿಗಳು ಬಗ್ಗಿ ಓದಿಕೊಂಡರೆ ಮುಂದಿನ ವಾರ ಅವರೂ ಅದನ್ನೇ ಹಾಕುತ್ತಾರೆ. ಹಾಗಾಗಿ ಲೇಬಲ್ ಕೀಳುವುದು ಎಲ್ಲ ಡಿಜೆಗಳ ಪದ್ಧತಿ. ನಮ್ಮ ಮಹಾಶಯ ಮಾತ್ರ ಒಂದು ಹೆಜ್ಜೆ ಮುಂದೆ ಹೋಗಿ, ಗುಟ್ಟನ್ನು ತನ್ನಿಂದಲೂ ಮುಚ್ಚಿಟ್ಟಿದ್ದ.

ಅದು ನನಗೆ ಗೊತ್ತಾದದ್ದು ಅಮ್ಮ ಹೋದಮೇಲೆ. ಲವೆಲ್ ಗೆಳೆಯನ ಮನೆಯ ಸೋಫಾ ಹಿಡಿದ. ನನ್ನನ್ನು ನಗರದ ಇನ್ನೊಂದು ಭಾಗವಾದ ಕ್ವೀನ್ಸಿನಲ್ಲಿರುವ ಕ್ಲೆಯೊ ದೊಡ್ಡಮ್ಮನ ಮನೆಗೆ ಕಳಿಸಿದರು. ದೊಡ್ಡಮ್ಮ ಕೆಟ್ಟವಳಲ್ಲ, ಹೊಟ್ಟೆ ತುಂಬ ಊಟ ಹಾಕುತ್ತಾಳೆ. ಆದರೆ ಚರ್ಚಿನ ಹಾಡು ಬಿಟ್ಟರೆ ಉಳಿದದ್ದೆಲ್ಲ ಅವಳಿಗೆ ಪಾಪ. ಆ ಮನೆಯಲ್ಲಿ ಪ್ಲೇಯರ್ ಎಂಬ ವಸ್ತುವೇ ಇಲ್ಲ. ಸಂಜೆ ಫ್ರಿಜ್ಜಿನ ಗುಂಯ್‌ಗುಡುವ ಸದ್ದು ಕೇಳುತ್ತ ಕೂರುತ್ತಿದ್ದೆ. ಬದುಕಿನಲ್ಲಿ ಅಷ್ಟು ಒಂಟಿಯಾಗಿ ನಾನು ಹಿಂದೆಂದೂ ಇರಲಿಲ್ಲ.

ಶನಿವಾರ ಮಧ್ಯಾಹ್ನ ರೈಲು ಹತ್ತಿ ಪಾರ್ಕಿಗೆ ಬರುತ್ತಿದ್ದೆ. ಲವೆಲ್‌ನ ತಂಡದ ಅಂಗಿಗಳ ಬೆನ್ನಿಗೆ ಹೆಸರಿನ ಅಕ್ಷರಗಳನ್ನು ಕತ್ತರಿಸಿ ಇಸ್ತ್ರಿ ಒತ್ತಿ ಅಂಟಿಸುವ ಕೆಲಸ ನನ್ನದು. ಆದರೆ ನಾನು ಬರುತ್ತಿದ್ದುದು ಅಮ್ಮನ ಹಾಡಿಗಾಗಿ. ಅಮ್ಮ ಅಡುಗೆಮನೆಯಲ್ಲಿ ಹಾಡಿಕೊಳ್ಳುತ್ತಿದ್ದ ಹಾಡು, ಅವಳು ಯಾವಾಗಲೂ ‘ನನ್ನ ಹಾಡು’ ಎನ್ನುತ್ತಿದ್ದುದು, ಈಗ ಲವೆಲ್‌ನ ಬ್ರಹ್ಮಾಸ್ತ್ರ. ಅವನು ಹಾಕುವುದು ಹಾಡಿನ ಮೊದಲಿಗೆ ಬರುವ ಡ್ರಮ್ಮಿನ ತುಣುಕನ್ನಷ್ಟೇ. ಎರಡು ಪ್ಲೇಯರಿನ ಮೇಲೂ ಅದೇ ಹಾಡಿನ ರೆಕಾರ್ಡು; ಇಲ್ಲಿ ಮುಗಿಯುವಾಗ ಅಲ್ಲಿ ಶುರು, ಅಲ್ಲಿ ಮುಗಿಯುವಾಗ ಇಲ್ಲಿ ಶುರು. ಹುಡುಗರು ನೆಲಕ್ಕೆ ಬಿದ್ದು ತಿರುಗುತ್ತಾರೆ, ಊರು ಕೂಗುತ್ತದೆ, ಆದರೆ ಹಾಡುವ ಹೆಂಗಸು ಬಾಯಿ ತೆರೆಯುವುದೇ ಇಲ್ಲ. ನಾನು ಪ್ರತಿ ವಾರ ಅವಳಿಗಾಗಿ ಕಾದು ವಾಪಸಾಗುತ್ತಿದ್ದೆ.

ಕೊಂಡುಕೊಳ್ಳೋಣವೆಂದು ರೆಕಾರ್ಡಂಗಡಿಗೂ ಹೋದೆ. ಹೆಸರು ಗೊತ್ತಿಲ್ಲ, ಹಾಡಿ ತೋರಿಸಲು ಬಾಯಿ ತೆರೆದೆ. ಬಂದದ್ದು ಬರೀ ಡ್ರಮ್ಮು. ಅಮ್ಮನ ರಾಗ ಆ ಸದ್ದಿನ ಕೆಳಗೆಲ್ಲೋ ಹೂತುಹೋಗಿತ್ತು. ಅಂಗಡಿಯವನ ಎದುರೇ ನನಗೆ ಭಯವಾಯಿತು.

ಅದರ ಮುಂದಿನ ಶನಿವಾರ ಪಕ್ಕದ ಅಂಗಳದಲ್ಲಿ ಟೈನಿ ಎಂಬ ಡಿಜೆ ತನ್ನ ಆಳೆತ್ತರದ ಸ್ಪೀಕರ್‌ಗಳನ್ನು ನಿಲ್ಲಿಸಿದ್ದ. ಯಾರ ಕಡೆ ಜನ ಹೆಚ್ಚೆಂಬ ಪಂದ್ಯ. ನಾನು ಅಂಗಿಗಳ ಚೀಲವನ್ನು ಕೈಬಿಡದೆ, ಹಾಡಿನ ಹೆಸರು ಹೇಳೆಂದು ಲವೆಲ್‌ನನ್ನು ಕೇಳಿದೆ. ಅವನು ತಲೆ ಕೆರೆದುಕೊಂಡ. ಅಮ್ಮನ ರೆಕಾರ್ಡಿನ ಹೆಸರನ್ನು ಓದಿಯೇ ಇರಲಿಲ್ಲವಂತೆ. ಜೋಡಿಗೆ ಬೇಕಾದ ಎರಡನೆಯದನ್ನು ಹಳೇ ಸಾಮಾನಿನಂಗಡಿಯಲ್ಲಿ ಹೊದಿಕೆಯ ಮೇಲಿನ ಚಿತ್ರ ನೋಡಿ ಗುರುತು ಹಿಡಿದದ್ದಂತೆ. ಆಮೇಲೆ ಎರಡರ ಹೊದಿಕೆಯನ್ನೂ ಎಸೆದಿದ್ದಾನೆ.

“ಹಂಗಾದ್ರೆ ಅಮ್ಮಂದು ಕೊಡು, ಸಾಕು,” ಎಂದೆ.

ಅವನು ಎರಡನ್ನೂ ಎತ್ತಿ ನೋಡಿದ. ಎರಡರ ನಡುಭಾಗವೂ ಬೋಳು. ಮುಖ ಸಣ್ಣಗಾಯಿತು.

“ಯಾವ್ದು ಅಮ್ಮಂದು ಅಂತ ಗೊತ್ತಾಗ್ತಿಲ್ಲ ಕಣೇ ನೀಟಾ.”

ನನಗೆ ಎಲ್ಲಿತ್ತೋ ಸಿಟ್ಟು. “ಟೈನಿಗೆ ಗೊತ್ತಾಗಬಾರ್ದು ಅಂತ ಅಮ್ಮನ್ನ ಅಳಿಸಿಬಿಟ್ಯಲ್ಲೋ. ಅವಳ ದನಿ ನಂಗೆ ಮರ್ತೋಗ್ತಿದೆ ಲವೆಲ್. ಪೂರ್ತಿ ಹಾಕು. ಈಗ್ಲೇ.”

ಅವನು ಜನರನ್ನು ನೋಡಿದ, ನನ್ನನ್ನು ನೋಡಿದ. ಆಮೇಲೆ ಒಂದು ರೆಕಾರ್ಡಿನ ಮೇಲೆ ಮುಳ್ಳಿಟ್ಟು ಕೈಯನ್ನು ಜೇಬಿಗೆ ಹಾಕಿಕೊಂಡ.

ಡ್ರಮ್ಮು ಸವೆದು ಸವೆದು ಮರಳು ಜರಡಿ ಹಿಡಿದಂತೆ ಕೇಳುತ್ತಿತ್ತು. ಅದು ದಾಟಿತು. ಆಗ ಹೆಂಗಸು ಹಾಡತೊಡಗಿದಳು, ಹೊಸ ರೆಕಾರ್ಡಿನಷ್ಟು ಸ್ವಚ್ಛವಾಗಿ, ಏಕೆಂದರೆ ಅಲ್ಲಿಯವರೆಗೆ ಲವೆಲ್ ಎಂದೂ ಮುಳ್ಳು ತಂದಿರಲಿಲ್ಲ. ಕುಣಿಯುವವರು ನಿಂತರು. ಇದೇನು ಸಾವಿನ ಮನೆಯ ಹಾಡು, ಅಜ್ಜಿ ಸತ್ತಳಾ ಎಂದು ಯಾರೋ ಕಿಚಾಯಿಸಿದರು. “ಬೆಳಗಾಗುವ ತನಕ ಇಲ್ಲೇ ಇರು, ನಲ್ಲಾ,” ಎಂದು ಅವಳು ಹಾಡಿದಾಗ ನಾವಿಬ್ಬರೂ ಒಬ್ಬರನ್ನೊಬ್ಬರು ನೋಡಿದೆವು. ಅಮ್ಮನ ಹಾಡಿನಲ್ಲಿ ‘ಇಲ್ಲೇ ಇರು’ ಎಂಬ ಮಾತೇ ಇರಲಿಲ್ಲ.

ಲವೆಲ್ ಇನ್ನೊಂದನ್ನು ಹಾಕಿದ. ಅದೇ ಹೆಂಗಸು, ಅದೇ ಸಾಲು. “ಬೆಳಗಾಗುವ ತನಕ—” ಟಕ್ ಎಂದು ಮುಳ್ಳು ಹಾರಿ “ನಲ್ಲಾ” ಎಂಬಲ್ಲಿಗೆ ಬಿತ್ತು. ಯಾವತ್ತೋ ಗೀಚಿದ ಗಾಯ. ಅಮ್ಮ ಆ ಹಾರಿಕೆಯನ್ನೇ ಕಲಿತು, ವರ್ಷಗಟ್ಟಲೆ ಹಾಗೆಯೇ ಹಾಡಿದ್ದಳು. ನಾನೂ ಹಾಡಿದೆ, ಅವಳಂತೆಯೇ ಎರಡು ಮಾತು ಬಿಟ್ಟು. ರಾಗ ತಾನೇ ಬಂತು. ಲವೆಲ್ ಮುಖ ತಿರುಗಿಸಿಕೊಂಡ.

ಹಾಡು ಮುಗಿಯುವಷ್ಟರಲ್ಲಿ ಬೇಲಿಯಾಚೆ ಟೈನಿಯ ಕಡೆ ಜಾತ್ರೆಯೇ ಸೇರಿತ್ತು. ನಮ್ಮ ಕಡೆ ಉಳಿದದ್ದು ತಂಡದ ಹುಡುಗರು ಮಾತ್ರ, ಅವರೂ ಶೂ ನೋಡಿಕೊಳ್ಳುತ್ತಿದ್ದರು. ಲವೆಲ್ ಅಮ್ಮನ ರೆಕಾರ್ಡನ್ನು ಪತ್ರಿಕೆಯಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟ. ಒಂದೇ ಉಳಿದರೆ ಆ ಡ್ರಮ್ಮನ್ನು ಎಳೆಯಲಾಗುವುದಿಲ್ಲ ಎಂದು ಅವನಿಗೂ ಗೊತ್ತು, ನನಗೂ ಗೊತ್ತು.

“ಹೆಸರು ಬರ್ಕೊ,” ಎಂದ ಅಷ್ಟೇ.

ನಾನು ಅಂಗಿಗಳ ಚೀಲವನ್ನು ಅವನ ಮೇಜಿನ ಮೇಲಿಟ್ಟು ರೈಲು ಹತ್ತಿದೆ.

ಬೋಳು ಜಾಗದಲ್ಲಿ ‘ಒಡೆಸ್ಸಾ’ ಎಂದು ಬರೆದೆ. ಅಕ್ಷರ ನನ್ನದೇ, ಅವಳದಲ್ಲ. ರೆಕಾರ್ಡು ಈಗ ನನ್ನ ಹಾಸಿಗೆಯ ಕೆಳಗಿದೆ. ದೊಡ್ಡಮ್ಮ ಚರ್ಚಿಗೆ ಹೋದಾಗ ಹೊರತೆಗೆದು, ಅಂಚಿನಿಂದ ಒಳಕ್ಕೆ ಬೆರಳಾಡಿಸುತ್ತೇನೆ. ಮೊದಲು ಸವೆದ ಬೂದು ಪಟ್ಟಿ, ಆಮೇಲೆ ಹೊಳೆಯುವ ಕಪ್ಪು, ಅಲ್ಲೊಂದು ಗೀಚು. ಅಲ್ಲಿಗೆ ಬಂದಾಗ ನಾನೇ ಹಾಡಬೇಕು, ಬೇರೆ ಯಾರಿದ್ದಾರೆ.