ಬಾಯಿಯಲ್ಲೇ ಘಟ್ಟ ಹತ್ತಿಸಿದ ಜಟ್ಟುಮಾಮ

ಜಟ್ಟುಮಾಮ ನಡೆಯುವಾಗ ಗೇರು ಬದಲಿಸುತ್ತಾರೆ. ಇದು ಅಲಂಕಾರದ ಮಾತಲ್ಲ. ಅಂಕೋಲೆ ಪೇಟೆಯ ಸಮತಟ್ಟಿನಲ್ಲಿ ಅವರ ಗಂಟಲಿನಿಂದ ಹೊರಡುವ ಮಂದ್ರಸ್ಥಾಯಿಯ ಗುಂಯ್‌ಕಾರ, ಸಣ್ಣದೊಂದು ದಿಬ್ಬ ಎದುರಾದರೂ ಸಾಕು, ಅರೆಕ್ಷಣ ತಡೆದು, ಗರ್ರೆಂದು ಇನ್ನಷ್ಟು ಕೆಳಗಿಳಿದು, ಭಾರ ಹೊತ್ತವರ ಏದುಸಿರಾಗಿ ಮುಂದುವರಿಯುತ್ತದೆ. ದಾರಿಗೆ ಎಮ್ಮೆ ಅಡ್ಡ ಬಂದರೆ ಫುಸ್ಸೆಂದು ಗಾಳಿಯ ಬ್ರೇಕೂ ತುಟಿಯಿಂದಲೇ. ಬಸ್ ಡಿಪೋದಲ್ಲಿ ಮೂವತ್ತೆರಡು ವರ್ಷ ಮೆಕ್ಯಾನಿಕ್ಕಾಗಿದ್ದ ಈ ಎಪ್ಪತ್ತನಾಲ್ಕರ ಮನುಷ್ಯನಿಗೆ ಇಂಜಿನ್ನಿನ ರೋಗ ಕಿವಿಯಿಂದಲೇ ತಿಳಿಯುತ್ತಿತ್ತು. ತಿಳಿದದ್ದನ್ನು ಡ್ರೈವರನಿಗೆ ಮಾತಿನಲ್ಲಿ ವಿವರಿಸುವ ತಾಳ್ಮೆಯಿಲ್ಲದೆ ಬಾಯಲ್ಲೇ ಅನುಕರಿಸಿ ತೋರಿಸುತ್ತಿದ್ದರಂತೆ. ಅವರ ಕಲೆ ಹುಟ್ಟಿದ್ದು ಹಾಗೆ.

ಅದು ಸರಿಯಾಗಿ ಹನ್ನೊಂದು ನಿಮಿಷದ ಕಲೆ. ಅಂಕೋಲೆ ನಿಲ್ದಾಣದಲ್ಲಿ ಬೆಳಗಿನ ಚಳಿಗೆ ಹಟ ಹಿಡಿದು ಕೂತ ಇಂಜಿನ್ನು, ಬಾಳೆಗುಳಿಯ ತಿರುವು, ರಾಮನಗುಳಿಯಲ್ಲಿ ಇಳಿಯುವವರ ಗದ್ದಲ, ಕಂಡಕ್ಟರನ ಸೀಟಿ, ಕೊನೆಗೆ ಅರಬೈಲ್ ಘಟ್ಟ. ಘಟ್ಟದ ಮೂರನೆಯ ತಿರುವಿನಲ್ಲಿ ನನ್ನ ತಮ್ಮ ಪ್ರತಿಸಲವೂ ವಾಂತಿ ಬರುತ್ತದೆಂದು ಅಳುತ್ತಿದ್ದ. ಶಾಲೆಯ ಸ್ನೇಹಸಮ್ಮೇಳನದ ಚಪ್ಪರದಲ್ಲಿ ಕೂತಿದ್ದೇವೆಂಬುದೇ ಅವನಿಗೆ ಮರೆತುಹೋಗುತ್ತಿತ್ತು, ಪಾಪ.

ನಾನು ಮೂರನೆಯ ತರಗತಿಯಲ್ಲಿದ್ದಾಗ ಟಿವಿಯಲ್ಲಿ ಭಾನುವಾರ ಮಕ್ಕಳದೊಂದು ಕಾರ್ಯಕ್ರಮ ಬರುತ್ತಿತ್ತು. ಎಂತೆಂಥ ವಿಚಿತ್ರ ಜನ ಬರುತ್ತಿದ್ದರು ಅದರಲ್ಲಿ! ಮೂಗಿನಿಂದ ಶಿಳ್ಳೆ ಹಾಕುವ ಒಬ್ಬ ಅಂಚೆಯವ, ತಲೆಯ ಮೇಲೆ ಹನ್ನೆರಡು ಲೋಟ ಹೊತ್ತು ಕೋಲಾಟವಾಡುವ ಒಬ್ಬಾಕೆ, ಹುಬ್ಬು ಕುಣಿಸಿ ಹಪ್ಪಳ ಮುರಿಯುವ ದಪ್ಪ ಮೀಸೆಯವ. ಒಂದೇ ಒಂದು ಭಾನುವಾರ ಕಾಣಿಸಿಕೊಂಡು, ಮತ್ತೆಂದೂ ಮುಖ ತೋರಿಸದೆ ಮಾಯವಾಗುತ್ತಿದ್ದ ಆ ಜನರ ಸಾಲಿನಲ್ಲಿ ಒಮ್ಮೆ ನಮ್ಮ ಜಟ್ಟುಮಾಮನೂ ಇದ್ದರು. ಏಪ್ರಿಲ್ಲಿನ ಸೆಕೆಯಲ್ಲಿ ಕಂದು ಮಖಮಲ್ಲಿನ ಕೋಟು ಹೊಲಿಸಿಕೊಂಡು ಬೆಂಗಳೂರಿಗೆ ಹೋಗಿ, ನೇರ ಪ್ರಸಾರದಲ್ಲಿ ಇಡೀ ಘಟ್ಟ ಹತ್ತಿಸಿ ಬಂದರೆಂಬುದು ಊರಿನ ಹೆಮ್ಮೆ. ಕ್ಷೌರದ ಅಂಗಡಿಯ ಕಾಶಿಯಂತೂ ಗಿರಾಕಿಯ ಗಲ್ಲಕ್ಕೆ ಸಾಬೂನು ಹಚ್ಚಿ ಕೂರಿಸಿ ವರ್ಣಿಸುತ್ತಿದ್ದ: "ಪೂರಾ ಘಟ್ಟ ಮಾರಾಯ್ರೆ! ಆ ನಿರೂಪಣೆ ಮಾಡೂ ಹುಡುಗಿ ಕಣ್ಣೀರು ಒರೆಸ್ಕಂಡ್ಳು." ನಮ್ಮ ಮನೆಯಲ್ಲಿ ಟಿವಿ ಇರಲಿಲ್ಲ; ಪಕ್ಕದ ಮನೆಯಲ್ಲಿ ನೋಡುತ್ತಿದ್ದ ನಾನು ಆ ಭಾನುವಾರ ರಜೆಗೆಂದು ಅಜ್ಜಿಯ ಊರಿಗೆ ಹೋಗಿದ್ದೆ. ಆದರೆ ಕೇಳಿ ಕೇಳಿ, ನಾನೂ ನೋಡಿದೆನೆಂದೇ ನಂಬಿಬಿಟ್ಟಿದ್ದೆ. ಆ ಹುಡುಗಿಯ ಕರವಸ್ತ್ರದ ಬಣ್ಣ ನೀಲಿಯೆಂದೂ ಹೇಳುತ್ತಿದ್ದೆ.

ಹೋದ ತಿಂಗಳು ಕಾರವಾರದ ಒಂದು ಸಾಂಸ್ಕೃತಿಕ ಸಮಿತಿಯವರು ಅಂಥ ಹಳೆಯ ಟಿವಿ ಕಲಾವಿದರನ್ನು ಸನ್ಮಾನಿಸಲು ಹೊರಟಾಗ ಜಟ್ಟುಮಾಮನ ಹೆಸರು ಸೂಚಿಸಿದವಳು ನಾನೇ. ಸಮಿತಿಯ ಕಾರ್ಯದರ್ಶಿ ಸಂದೇಶ ಚುರುಕಿನ ಹುಡುಗ. ಎಲ್ಲೋ ಯಾರೋ ಜೋಪಾನವಾಗಿಟ್ಟಿದ್ದ ಆ ಭಾನುವಾರದ ಟೇಪನ್ನು ಹುಡುಕಿ, ವೇದಿಕೆಯ ಪರದೆಯಲ್ಲಿ ತೋರಿಸಲು ಸಿದ್ಧನಾದ. ಆ ಸಿಹಿಸುದ್ದಿ ಹೇಳಲು ನಾನು ಕಾರವಾರದಿಂದ ಅಂಕೋಲೆಗೆ ಓಡಿದೆ. ಜಟ್ಟುಮಾಮ ಚಹದ ಬಸಿಯನ್ನು ಕೆಳಗಿಟ್ಟರು. ಬಾಗಿಲ ಕಡೆ ನೋಡಿದರು.

"ತೋರ್ಸುದು ಬ್ಯಾಡ ವೀಣಾ. ಅದ್ರಲ್ಲಿ ಘಟ್ಟ ಇಲ್ಲ."

ವಿಷಯ ಹೀಗಿತ್ತು. ಸ್ಟುಡಿಯೋದವರು ಕಡೆಯ ಗಳಿಗೆಯಲ್ಲಿ ಹನ್ನೊಂದು ನಿಮಿಷವಿಲ್ಲ, ಇರುವುದು ನಲವತ್ತು ಸೆಕೆಂಡು ಎಂದರಂತೆ. ಬೇರೆ ಯಾರಾದರೂ ನೇರ ಘಟ್ಟಕ್ಕೆ ಹಾರುತ್ತಿದ್ದರು. ಇವರು ಮೆಕ್ಯಾನಿಕ್ಕು. "ಸ್ಟಾರ್ಟೇ ಆಗ್ದೆ ಬಸ್ಸು ಘಟ್ಟ ಹ್ಯಾಂಗೆ ಹತ್ತುದು, ಹೇಳು?" ಎಂದು ನನ್ನನ್ನೇ ಕೇಳಿದರು. ಹಾಗಾಗಿ ಅಂಕೋಲೆ ನಿಲ್ದಾಣದಿಂದಲೇ ಶುರು ಮಾಡಿದರು. ತಣ್ಣಗಿನ ಇಂಜಿನ್ನು ಖೊರ್ ಖೊರ್ ಎನ್ನುತ್ತಿರುವಾಗಲೇ ನಲವತ್ತು ಸೆಕೆಂಡು ಮುಗಿದು, ಮಕ್ಕಳು ನಕ್ಕು, ತೆರೆಯ ಮೇಲೆ ಬಟ್ಟೆಯ ಮೊಲವೊಂದು ಬಂತು.

ಊರಿಗೆ ಮರಳಿದಾಗ ನಿಲ್ದಾಣದಲ್ಲೇ ಹಾರ! "ಪೂರಾ ನೋಡಿದ್ವು" ಎಂದು ಎಲ್ಲರೂ ಮುಗಿಬಿದ್ದರಂತೆ. ನೋಡದವರು ಹೊಗಳುತ್ತಿದ್ದಾರೆ, ನೋಡಿದವರು ಮರ್ಯಾದೆಗೆಂದು ಸುಮ್ಮನಿದ್ದಾರೆ ಎಂದು ಇವರು ಎಣಿಸಿದರು. ಆದರೆ ನೋಡಿದವರು ಯಾರು? "ಮೂವತ್ತೈದು ವರ್ಷ ಆಯ್ತು ಮಗಾ. ಎದುರಿಗೆ ಯಾರು ನಗಾಡಿದ್ರೂ, ಇಂವ ನೋಡ್ದವನೇ ಹೇಳಿ ಎದೆ ಧಸಕ್ ಅಂತದೆ." ಊರ ತುಂಬ ಗೇರು ಬದಲಿಸುತ್ತ ತಿರುಗುವ ಈ ನಿಶ್ಚಿಂತ ಮನುಷ್ಯ ಪ್ರತಿ ಮುಖವನ್ನೂ ಅಳುಕುತ್ತಲೇ ದಾಟುತ್ತಿದ್ದನೆಂದು ನನಗೆ ತಿಳಿದದ್ದು ಆಗಲೇ. ನೀಲಿ ಕರವಸ್ತ್ರದ ಕಥೆ ಹೇಳಿ ನಾನೂ ಅವರನ್ನು ಹೆದರಿಸಿದವಳೇ ಅಲ್ಲವೆ?

ಸಂದೇಶನಿಗೆ ಫೋನು ಮಾಡಿದೆ. "ಆಮಂತ್ರಣದಲ್ಲೇ ಪ್ರಿಂಟ್ ಆಗೋಯ್ತು ಮೇಡಂ. ನಲವತ್ತೇ ಸೆಕೆಂಡು, ಎಂತ ಆಗ್ತದೆ?" ಎಂದ. ಕಾರಣ ಹೇಳೋಣವೆಂದರೆ ಯಾರಿಗೂ ಹೇಳೆನೆಂದು ಜಟ್ಟುಮಾಮನಿಗೆ ಮಾತು ಕೊಟ್ಟಿದ್ದೆ. ಹೋಗುವುದೇ ಬೇಡ ಅಂದರೆ ಅವರು ಒಪ್ಪಲಿಲ್ಲ. ತಾನಿಲ್ಲದಾಗ ತೋರಿಸಿದರೆ ಇನ್ನೂ ಅನರ್ಥವೆಂದು ಅವರ ಹೆದರಿಕೆ.

ಆ ದಿನ ಕಾರವಾರದ ಬಸ್ಸಿನಲ್ಲಿ ನಾನು ಅವರ ಪಕ್ಕದಲ್ಲೇ ಕೂತಿದ್ದೆ. ಹೊಟ್ಟೆಯ ಬಳಿ ಗುಂಡಿ ಹಾಕಲು ಬಾರದ ಆ ಹಳೆಯ ಮಖಮಲ್ಲಿನ ಕೋಟನ್ನೇ ತೊಟ್ಟಿದ್ದರು. ಡ್ರೈವರು ಬಿಣಗಾ ಏರಿನಲ್ಲಿ ಗೇರು ಬದಲಿಸಿದಾಗಲೂ ಅವರ ಗಂಟಲಿನಿಂದ ಉಸಿರಿನ ಸದ್ದಲ್ಲದೆ ಬೇರೇನೂ ಬರಲಿಲ್ಲ. ಹಿಂದಿನ ಟೆಂಪೋದಲ್ಲಿ ಅಂಕೋಲೆಯ ಇಪ್ಪತ್ತು ಜನ, ಕಾಶಿಯ ಮುಂದಾಳತ್ವದಲ್ಲಿ, ಕೂಗಾಡುತ್ತ ಬರುತ್ತಿದ್ದರು. ಕರೆಂಟು ಕೈಕೊಡಲಿ, ಪರದೆ ಹರಿಯಲಿ ಎಂದು ನಾನು ಗೊತ್ತಿದ್ದ ದೇವರಿಗೆಲ್ಲ ಕೈಮುಗಿದೆ.

ಯಾವ ದೇವರೂ ಕಿವಿಗೊಡಲಿಲ್ಲ. ಪರದೆಯ ಮೇಲೆ ಮೂವತ್ತೊಂಬತ್ತರ ಜಟ್ಟುಮಾಮ ಬೆವರುತ್ತ ನಿಂತು ಖೊರ್ ಖೊರ್ ಎಂದರು, ಮಕ್ಕಳು ನಕ್ಕರು, ಮೊಲ ಬಂತು. ಆಗ ಕಾಶಿ ಎದ್ದು ನಿಂತ.

"ಏ ಸಂದೇಶ, ಇದಲ್ಲ ಮಾರಾಯ! ಇದು ರಿಹರ್ಸಲ್ಲಿಂದು. ನಾವು ನೋಡಿದ್ದು ಬೇರೆ."

"ಹೌದು ಹೌದು, ಬೇರೆ" ಎಂದಿತು ಅಂಕೋಲೆಯ ಸಾಲಿಗೆ ಸಾಲೇ. ಅಬ್ಬಾ, ಬದುಕಿದೆವು ಎಂದು ನಾನು ಉಸಿರು ಬಿಡುವಷ್ಟರಲ್ಲಿ ಜಟ್ಟುಮಾಮ ಮೈಕಿಗೆ ಬಂದಿದ್ದರು.

"ಅಲ್ಲ ಕಾಶಿ. ಇದೇ. ಇಷ್ಟೇ ಆದದ್ದು. ನೋಡ್ದವ್ರು ಯಾರೋ ನನ್ನ ಮರ್ಯಾದಿ ಕಾಯ್ದ್ರಿ. ಯಾರು ಅಂತ ನಂಗೆ ಇಂದಿಗೂ ಗೊತ್ತಿಲ್ಲ. ತಪ್ಪಾಯ್ತು."

ಮೀನು ಮಾರುವ ದುರ್ಗಿ ತಡೆಯಲಾರದೆ ಎದ್ದಳು. ಟಿವಿಯ ಆ ಭಾನುವಾರ ಅವಳಿಗೆ ಇಪ್ಪತ್ತರ ಪ್ರಾಯವಂತೆ. "ಅಯ್ಯೋ ಜಟ್ಟಣ್ಣ, ಯಾರು ನೋಡೀರು? ಆ ದಿನ ಅಂಕೋಲೆಲಿ ಕರೆಂಟೇ ಇರ್ಲಿಲ್ಲ! ಸತ್ತ ಟಿವಿ ಮುಂದೆ ಊರೆಲ್ಲ ಕೂತಿತ್ತು. ಅಷ್ಟು ದೂರ ಹೋಗಿ ಬಂದೋರಿಗೆ ಬೇಜಾರಾಗ್ತದೆ ಹೇಳಿ, ನೋಡಿದ್ವು ಹೇಳುದು ಅಂತ ನಾವೇ ಮಾತಾಡ್ಕಂಡಿದ್ದು."

ಸಭೆ ಬಿದ್ದು ಬಿದ್ದು ನಕ್ಕಿತು. ಕಾಶಿ ತಲೆ ತಗ್ಗಿಸಿ ಕೂತ. ಮೂವತ್ತೈದು ವರ್ಷದ ಭಯ ಒಂದು ಮಾತಿಗೆ ಕರಗಿಹೋದರೆ ಮನುಷ್ಯನ ಮುಖ ಹೇಗಿರುತ್ತದೆಂದು ನೋಡಲು ನಾನು ಕುತ್ತಿಗೆ ಚಾಚಿದೆ. ಜಟ್ಟುಮಾಮ ನಗುತ್ತಿರಲಿಲ್ಲ. ಮೈಕು ಹಿಡಿದೇ, ಸಣ್ಣ ದನಿಯಲ್ಲಿ, ಸಾಲು ಸಾಲಾಗಿ ಮುಖಗಳನ್ನು ನೋಡುತ್ತ ಕೇಳಿದರು: "ಒಬ್ರೂ ನೋಡ್ಲಿಲ್ವಾ?"

ಹುಬ್ಬಿನಿಂದ ಹಪ್ಪಳ ಮುರಿದವ, ಲೋಟ ಹೊತ್ತು ಕುಣಿದವಳು ಈಗ ಎಲ್ಲಿದ್ದಾರೋ ತಿಳಿಯದು. ಆದರೆ ಒಂದು ಭಾನುವಾರದ ಮಟ್ಟಿಗೆ ಲೋಕದೆದುರು ನಿಂತು ಬಂದ ಆ ಜನರ ಜಾತಿಯೇ ಹೀಗೆಂದು ನನಗೆ ಅನ್ನಿಸುತ್ತದೆ. ತಮ್ಮ ಎಡವಟ್ಟನ್ನು ಯಾರೂ ನೋಡದಿರಲೆಂದು ಜೀವಮಾನವಿಡೀ ಹರಕೆ ಹೊರುತ್ತಾರೆ. ಹರಕೆ ಫಲಿಸಿದೆಯೆಂದು ತಿಳಿದ ದಿನ, ಒಬ್ಬರಾದರೂ ನೋಡಬಾರದಿತ್ತೇ ಎಂದು ಮರುಗುತ್ತಾರೆ.