ಬಣ್ಣ ಬಳಿದ ಕಂಪ್ರೆಸರ್

ನಮ್ಮ ಯಜಮಾನರಿಗೆ ಹೇಳಿ ಹೇಳಿ ನನ್ನ ಬಾಯಿ ಒಣಗಿಹೋಗಿತ್ತು. ಬಾಡಿಗೆ ಕಾರು ಓಡಿಸ್ತಾರೆ. ಒಂದೇ ಬೇಸಿಗೆಯಲ್ಲಿ ಎರಡು ಸಲ ಎ.ಸಿ. ಕೆಟ್ಟಿತು. ಎರಡು ಸಲವೂ ಕಂಪ್ರೆಸರ್, ಅಂದ್ರೆ ಗ್ಯಾಸ್ ಒತ್ತಿ ಕಳಿಸೋ ಪಂಪು. ಮೊದಲ ಸಲ ಕೆಟ್ಟಾಗ ಯಾರದೋ ಅಂಗಡಿಯಲ್ಲಿ ಫಳಫಳ ಹೊಳೆಯೋ ರೀಬಿಲ್ಡ್ ಮಾಲು, ಅಂದ್ರೆ ಹಳೇದನ್ನೇ ಬಿಚ್ಚಿ ಸರಿಮಾಡಿದ್ದು ಅನ್ನೋದನ್ನ ನೋಡಿ ಮರುಳಾಗಿ ಹಾಕಿಸಿಕೊಂಡು ಬಂದರು. ಅದು ತಿಂಗಳೂ ಬಾಳಲಿಲ್ಲ.

ಇವರ ಸ್ವಂತ ತಂಗಿ ಎರಡು ಬೀದಿ ಆಚೆ ಕಾರು ಎ.ಸಿ. ರಿಪೇರಿ ಶೆಡ್ ಇಟ್ಟುಕೊಂಡಿದ್ದಾಳೆ. ಊರೆಲ್ಲ ಅವಳ ಹತ್ರ ಹೋಗುತ್ತೆ, ಇವರು ಮಾತ್ರ ಹೋಗಲ್ಲ. ನಾನು ಎತ್ತಿ ಆಡಿಸಿದ ಕೂಸು ನನಗೇನು ಹೇಳ್ತಾಳೆ ಅಂತ ಜಂಬ.

ಆ ಜಂಬಕ್ಕೆ ಸಂಕಟಪಟ್ಟಿದ್ದು ಟೀಚರಮ್ಮ. ವಾರಕ್ಕೆ ಮೂರು ದಿನ ಇವರ ಕಾರಲ್ಲೇ ಡಯಾಲಿಸಿಸ್‌ಗೆ ಹೋಗಿಬರೋ ಹಿರಿಯರು. ಮೊನ್ನೆ ವಾಪಸ್ ಬರುವಾಗ, ಮಟಮಟ ಮಧ್ಯಾಹ್ನ, ಎ.ಸಿ. ಬಿಸಿಗಾಳಿ ಉಗುಳೋಕೆ ಶುರುಮಾಡ್ತು. ಸಿಗ್ನಲ್‌ನಲ್ಲಿ ಆ ಜೀವ ತಲೆ ಸುತ್ತಿ ಸೀಟಿಗೆ ಒರಗಿಬಿಟ್ಟಿತು. ಇನ್ನೊಂದು ಸಲ ಹೀಗಾದ್ರೆ ಬೇರೆ ಗಾಡಿ ನೋಡ್ಕೋತೀವಿ ಅಂತ ಅವರ ಮಗಳು ಕಡ್ಡಿ ಮುರಿದ ಹಾಗೆ ಹೇಳಿದಳು. ನನಗೂ ಸಾಕಾಗಿಹೋಯ್ತು. ನಾನೇ ಕಾರು ಹತ್ತಿ ಕೂತು, ನಡೀರಿ ಶೆಡ್‌ಗೆ ಅಂದೆ.

ನಾದಿನಿ ಕಂಪ್ರೆಸರ್ ಬಿಚ್ಚಿ, ಒಳಗಿನ ಎಣ್ಣೆಯನ್ನು ಬಿಳಿ ಬಟ್ಟೆ ಮೇಲೆ ಸುರಿದಳು. ಕಪ್ಪು ಎಣ್ಣೆಯಲ್ಲಿ ಲೋಹದ ಪುಡಿ ಮಿಣಮಿಣ ಅಂತಿತ್ತು. ಹೊರಗಿನ ಬಣ್ಣ ಹೊಸದು, ಒಳಗಿನ ಬೇರಿಂಗು, ಸೀಲು ಎಲ್ಲ ಹಳೇವೇ. ಇವರ ಮುಖ ಸಪ್ಪಗಾಯ್ತು. ಆದ್ರೂ ಬಿಡಬೇಕಲ್ಲ. ಹಾಗಾದ್ರೆ ಹೊಸದೇ ಹಾಕಿಬಿಡು, ಪೀಡೆ ತೊಲಗಲಿ ಅಂದರು.

"ಅಣ್ಣಾ, ಹೊಸದು ಹಾಕಿದ್ರೂ ಇದೇ ಗತಿ. ಮೊದಲನೇದು ಕೆಟ್ಟಾಗ ಉದುರಿದ ಪುಡಿ ಪೈಪಲ್ಲಿತ್ತಲ್ಲ, ಅದೇ ಹೊಸದನ್ನೂ ಸವೆಸುತ್ತೆ. ಪೈಪು ತೊಳೆಸಿದ್ಯಾ? ಗ್ಯಾಸಿನ ತೇವ ಹೀರೋ ಡಬ್ಬಿ ಬದಲಾಯಿಸಿದ್ಯಾ?"

ಇಲ್ಲವಂತೆ. ಡಬ್ಬಿ ನೋಡೋಕೆ ಚೆನ್ನಾಗೇ ಇತ್ತಂತೆ. ನಾನು ಹಣೆ ಚಚ್ಚಿಕೊಂಡೆ.

ಆಮೇಲೆ ಅವಳು ಬಿಡಿಸಿ ಹೇಳಿದಳು. ಹೊಸದು ಒಳ್ಳೇದೇ, ಆದ್ರೆ ಕಾರಿಗೆ ಹೊಂದೋ ಅಸಲಿ ಮಾಲಾಗಿರಬೇಕು. ನಕಲಿ ಹೊಸದಕ್ಕಿಂತ ಸರಿಯಾಗಿ ರೀಬಿಲ್ಡ್ ಮಾಡಿದ್ದೇ ವಾಸಿ. ಸವೆದ ಭಾಗ ತೆಗೆದು, ಹೊಸ ಸೀಲು ಹಾಕಿ, ಪರೀಕ್ಷೆ ಮಾಡಿ, ಗ್ಯಾರಂಟಿ ಬರೆದುಕೊಟ್ಟಿದ್ದಾಗಿರಬೇಕು ಅಷ್ಟೇ. ಅಂಥದ್ದೇ ಒಂದನ್ನ ಹಾಕಿದಳು, ಬಣ್ಣವಿಲ್ಲದ ಮಂಕು ಮಾಲು. ಪೈಪು ತೊಳೆದಳು, ತೊಳೆಯೋಕಾಗದ್ದನ್ನ ಬದಲಾಯಿಸಿದಳು. ಡಬ್ಬಿಯೂ ಹೊಸದು. ಇವರು ಪಕ್ಕದಲ್ಲಿ ಟಾರ್ಚ್ ಹಿಡಿದು ಬಾಯಿ ಮುಚ್ಚಿಕೊಂಡು ನಿಂತಿದ್ದರು. ಮದುವೆಯಾದ ಮೇಲೆ ನಾನು ಅದನ್ನ ನೋಡಿದ್ದು ಅದೇ ಮೊದಲು.

ನಿನ್ನೆ ಸುಡುಬಿಸಿಲಲ್ಲಿ ವಾಪಸ್ ಬರುವಾಗ ಟೀಚರಮ್ಮ, "ಚಳಿ ಆಗ್ತಿದೆ, ಸ್ವಲ್ಪ ಕಡಿಮೆ ಮಾಡಪ್ಪ" ಅಂದರಂತೆ. ಇವರು ಅವರನ್ನ ಮನೆ ಮುಟ್ಟಿಸಿ, ಮೊದಲು ಫೋನ್ ಮಾಡಿದ್ದು ತಂಗಿಗೆ.

ನಿಮ್ಮ ಕಾರಿನ ಎ.ಸಿ. ಕೆಟ್ಟರೆ ದಯವಿಟ್ಟು ಹೊಳಪು ನೋಡಿ ಮೋಸ ಹೋಗಬೇಡಿ. ಒಳಗೆ ಏನೇನು ಬದಲಾಯಿಸಿದ್ದೀರಿ, ಪೈಪು ತೊಳೀತೀರಾ, ಡಬ್ಬಿ ಹೊಸದಾ, ಗ್ಯಾರಂಟಿ ಬರೆದುಕೊಡ್ತೀರಾ ಅಂತ ಬಾಯಿಬಿಟ್ಟು ಕೇಳಿ. ತಿಳಿದವರು ಮನೆಯ ಚಿಕ್ಕವರಾದ್ರೂ ಅವರನ್ನ ಕೇಳಿ. ಹಿಂದಿನ ಸೀಟಲ್ಲಿ ಒಂದು ಜೀವ ಕೂತಿರುತ್ತೆ.